ಎರಡೂ ಕಡೆಯ ಕಲ್ಲಿನ ಅಲಗು: ಅಜ್ಟೆಕ್ ಆಯುಧಗಳ ಬಗ್ಗೆ ನಾವು ಕೇಳಿಸಿಕೊಂಡ ಅರ್ಧ ಕಥೆ

1884ರಲ್ಲಿ ಮ್ಯಾಡ್ರಿಡ್‌ನ ರಾಜಶಸ್ತ್ರಾಗಾರಕ್ಕೆ ಬೆಂಕಿ ಬಿತ್ತು. ಸುಟ್ಟು ಬೂದಿಯಾದ ವಸ್ತುಗಳಲ್ಲಿ ಮೆಕ್ಸಿಕೊದಿಂದ ಬಂದಿದ್ದ ಮರದ ಆಯುಧವೊಂದೂ ಇತ್ತು. ಚಪ್ಪಟೆಯಾದ ದಂಡ, ಅದರ ಎರಡೂ ಅಂಚುಗಳಲ್ಲಿ ಕಪ್ಪು ಗಾಜಿನಂಥ ಕಲ್ಲಿನ ಅಲಗುಗಳ ಸಾಲು. ಹೆಸರು ಮಕ್ವಾವಿಟ್ಲ್. ಸ್ಪೇನಿಗರು ಮೆಕ್ಸಿಕೊ ಗೆದ್ದ ಯುದ್ಧದ ಕಾಲದಿಂದ ಉಳಿದುಬಂದ ಅಸಲಿ ಮಕ್ವಾವಿಟ್ಲ್‌ಗಳಲ್ಲಿ ಕೊನೆಯದು ಅದೇ ಎಂದು ಪರಿಗಣಿಸಲಾಗುತ್ತಿತ್ತು. ಇಂದು ವಸ್ತುಸಂಗ್ರಹಾಲಯಗಳ ಗಾಜಿನ ಪೆಟ್ಟಿಗೆಯಲ್ಲಿ, ವಿಡಿಯೊ ಗೇಮ್‌ಗಳಲ್ಲಿ, ಯೂಟ್ಯೂಬ್‌ನಲ್ಲಿ ಮಾಂಸದ ತುಂಡು ಸೀಳಿ ತೋರಿಸುವವರ ಕೈಯಲ್ಲಿ ನಾವು ನೋಡುವುದು ಹಳೆಯ ಚಿತ್ರಗಳನ್ನೂ ಬರಹಗಳನ್ನೂ ಆಧರಿಸಿ ಮಾಡಿದ ನಕಲುಗಳನ್ನು.

ಮೂಲವಸ್ತು ಇಲ್ಲದ ಜಾಗವನ್ನು ಕಥೆಯೊಂದು ತುಂಬಿಕೊಂಡಿದೆ. ಉಕ್ಕಿನ ಕತ್ತಿ, ಕುದುರೆ, ತುಪಾಕಿಗಳೊಂದಿಗೆ ಬಂದ ಕೆಲವೇ ನೂರು ಸ್ಪೇನಿಗರು ಕಲ್ಲು ಕಟ್ಟಿಗೆ ಹಿಡಿದು ನಿಂತಿದ್ದ ಅಜ್ಟೆಕ್ ಮಹಾಸಾಮ್ರಾಜ್ಯವನ್ನು ಎರಡು ವರ್ಷಗಳಲ್ಲಿ ಕೆಡವಿದರು ಎಂಬ ಕಥೆ ಅದು. ಕೇಳಲು ಸುಲಭ, ನೆನಪಿಡಲೂ ಸುಲಭ. ಆದರೆ ಇದು ಬರೀ ಹಳೆಯ ಕಾಲದ ಮಾತಾಗಿ ಉಳಿದಿಲ್ಲ. 2019ರಲ್ಲಿ ಮೆಕ್ಸಿಕೊದ ಅಂದಿನ ಅಧ್ಯಕ್ಷ ಲೋಪೆಸ್ ಒಬ್ರದೋರ್ ಸ್ಪೇನಿನ ದೊರೆಗೆ ಪತ್ರ ಬರೆದು, ಐದು ಶತಮಾನಗಳ ಹಿಂದಿನ ಆಕ್ರಮಣಕ್ಕೆ ಕ್ಷಮೆ ಕೇಳಬೇಕೆಂದರು. 2024ರಲ್ಲಿ ಕ್ಲೌಡಿಯಾ ಶೇನ್‌ಬಾಮ್ ತಮ್ಮ ಅಧಿಕಾರ ಸ್ವೀಕಾರಕ್ಕೆ ಆ ದೊರೆಯನ್ನು ಕರೆಯಲಿಲ್ಲ. 2025ರ ಅಕ್ಟೋಬರ್ ಕೊನೆಯಲ್ಲಿ ಸ್ಪೇನಿನ ವಿದೇಶಾಂಗ ಸಚಿವರು ಮೂಲನಿವಾಸಿಗಳಿಗೆ ನೋವೂ ಅನ್ಯಾಯವೂ ಆಗಿದೆ ಎಂದು ಒಪ್ಪಿಕೊಂಡರು. ಈ ವಾಗ್ವಾದದ ಅಡಿಯಲ್ಲಿ ಆ ಹಳೆಯ ಚಿತ್ರವೇ ಕೂತಿದೆ: ಮುಂದುವರಿದವರು ಹಿಂದುಳಿದವರನ್ನು ಗೆದ್ದರು ಎಂಬ ಚಿತ್ರ. ಆಯುಧಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ನೋಡಿದರೆ ಆ ಚಿತ್ರ ನಿಲ್ಲುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. 1521ರಲ್ಲಿ ಅಜ್ಟೆಕ್ ರಾಜಧಾನಿ ತೆನೊಚ್ಟಿಟ್ಲಾನನ್ನು ಮುತ್ತಿದ ಸೈನ್ಯದಲ್ಲಿ ಬಹುಪಾಲು ಜನರ ಕೈಯಲ್ಲಿದ್ದದ್ದೂ ಕಲ್ಲಿನ ಅಲಗಿನ ಆಯುಧವೇ.

ಮೊದಲು ಆ ಕಲ್ಲಿನ ಮಾತು. ಅಬ್ಸಿಡಿಯನ್ ಎಂದರೆ ಜ್ವಾಲಾಮುಖಿಯ ಲಾವಾ ಹರಳುಗಟ್ಟಲು ಸಮಯವಿಲ್ಲದೆ ಬೇಗನೆ ತಣಿದಾಗ ಆಗುವ ಗಾಜು. ಒಡೆದರೆ ಗಾಜಿನ ಚೂರಿನಂತೆಯೇ ಬಳುಕಿದ ನಯವಾದ ಮೈಯಿಂದ ಸೀಳಿಕೊಳ್ಳುತ್ತದೆ. ಹೊಸದಾಗಿ ಸೀಳಿದ ಅಂಚು ಎಷ್ಟು ತೆಳುವೆಂದರೆ, ಸೂಕ್ಷ್ಮದರ್ಶಕದಡಿ ಇಟ್ಟಾಗ ಅದರ ಪಕ್ಕದಲ್ಲಿ ಉಕ್ಕಿನ ಕ್ಷೌರದ ಬ್ಲೇಡು ಗರಗಸದಂತೆ ಒರಟಾಗಿ ಕಾಣುತ್ತದೆ. ನಮ್ಮ ಕಾಲದಲ್ಲಿಯೂ ಕೆಲವು ಶಸ್ತ್ರವೈದ್ಯರು ಅಬ್ಸಿಡಿಯನ್ ಅಲಗನ್ನು ಬಳಸಿ ನೋಡಿದ್ದಾರೆ. ಅಜ್ಟೆಕ್ ಜನರ ಭಾಷೆಯಾದ ನವಾಟ್ಲ್‌ನಲ್ಲಿ ಇದರ ಹೆಸರು ಇಟ್ಸ್ಟ್ಲಿ. (ನವಾಟ್ಲ್ ನಮಗೆ ಅಷ್ಟೇನೂ ಅಪರಿಚಿತವಲ್ಲ. ಟೊಮೆಟೊ, ಚಾಕೊಲೇಟ್, ಅವಕಾಡೊ ಎನ್ನುವಾಗಲೆಲ್ಲ ನಾವು ಆಡುತ್ತಿರುವುದು ಆ ಭಾಷೆಯ ಮಾತನ್ನೇ.)

ಈ ಗಾಜಿನ ದೊಡ್ಡ ಗಣಿ ಇಂದಿನ ಹಿಡಾಲ್ಗೊ ರಾಜ್ಯದ ಪಚೂಕ ಬೆಟ್ಟಸಾಲಿನಲ್ಲಿದೆ. ಆ ಬೆಟ್ಟಕ್ಕೆ ಸ್ಪೇನಿಗರು ಇಟ್ಟ ಹೆಸರೇ ಚೂರಿಗಳ ಬೆಟ್ಟಸಾಲು ಎಂದು. ಅಲ್ಲಿನ ಕಲ್ಲಿಗೆ ಹಸಿರು ಬಂಗಾರದ ಛಾಯೆ ಇರುತ್ತದೆ, ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ. 2025ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೆಕ್ಸಿಕೊ ನಗರದ ಮಧ್ಯದಲ್ಲಿರುವ ಅಜ್ಟೆಕರ ಮಹಾದೇವಾಲಯದ ಅವಶೇಷಗಳಲ್ಲಿ ಸಿಕ್ಕ 788 ಅಬ್ಸಿಡಿಯನ್ ವಸ್ತುಗಳನ್ನು ಎಕ್ಸ್‌-ರೇ ಮೂಲಕ ಪರೀಕ್ಷಿಸಲಾಯಿತು. ಸುಮಾರು ಶೇ 90ರಷ್ಟು ಪಚೂಕದ ಕಲ್ಲು. ನನ್ನ ಗಮನ ಸೆಳೆದದ್ದು ಉಳಿದ ಪಾಲು. ಅದರಲ್ಲಿ ಅಜ್ಟೆಕರು ಎಂದೂ ಗೆಲ್ಲಲಾಗದ ಪಶ್ಚಿಮದ ಶತ್ರುರಾಜ್ಯದ ಗಣಿಯಿಂದ ಬಂದ ಕಲ್ಲೂ ಇದೆ. ಗಡಿಯಲ್ಲಿ ಯುದ್ಧ ನಡೆಯುತ್ತಿದ್ದರೂ ಸಂತೆಯ ದಾರಿ ಮುಚ್ಚಿರಲಿಲ್ಲ. ಇಷ್ಟು ದೂರದಿಂದ, ಇಷ್ಟು ವ್ಯವಸ್ಥಿತವಾಗಿ ಕಚ್ಚಾವಸ್ತು ತರಿಸಿಕೊಳ್ಳುತ್ತಿದ್ದವರನ್ನು ಕೈಗೆ ಸಿಕ್ಕ ಕಲ್ಲು ಎತ್ತಿಕೊಂಡು ಹೋರಾಡಿದವರೆಂದು ಹೇಗೆ ಕರೆಯುವುದು?

ಅಲಗು ತೆಗೆಯುವುದು ಕಸುಬುದಾರರ ಕೆಲಸ. ಮೊದಲು ಕಲ್ಲನ್ನು ಕೊಳವೆಯಾಕಾರದ ತಿರುಳಾಗಿ ಸಿದ್ಧಪಡಿಸಿಕೊಳ್ಳಬೇಕು. ಕುಶಲಕರ್ಮಿ ನೆಲದ ಮೇಲೆ ಕುಳಿತು ಅದನ್ನು ಪಾದಗಳ ನಡುವೆ ಅಮುಕಿ ಹಿಡಿದು, ಮರದ ಉದ್ದ ಸಾಧನದ ತುದಿಯನ್ನು ಅಂಚಿಗೆ ಇಟ್ಟು ಎದೆಯ ಬಲದಿಂದ ಒತ್ತುತ್ತಾನೆ. ಸುತ್ತಿಗೆಯ ಏಟಿಲ್ಲ, ಒತ್ತಡ ಮಾತ್ರ. ಬಾಳೆದಿಂಡಿನಿಂದ ಪಟ್ಟೆ ಬಿಡಿಸಿಕೊಂಡಂತೆ ಒಂದೊಂದೇ ಉದ್ದನೆಯ ಅಲಗು ಕಳಚಿಕೊಳ್ಳುತ್ತದೆ. ಇದನ್ನು ಕಣ್ಣಾರೆ ಕಂಡ ಸ್ಪೇನಿನ ಪಾದ್ರಿಗಳು ಬೆರಗಿನಿಂದ ಬರೆದಿಟ್ಟಿದ್ದಾರೆ. ಅದೇ ಅಲಗು ಕ್ಷೌರಕ್ಕೂ ಆಗುತ್ತಿತ್ತು, ಅಡುಗೆಮನೆಗೂ ಆಗುತ್ತಿತ್ತು, ಯುದ್ಧಕ್ಕೂ ಆಗುತ್ತಿತ್ತು.

ಮಕ್ವಾವಿಟ್ಲ್ ಎಂಬ ಹೆಸರಿನಲ್ಲಿ ಕೈ ಮತ್ತು ಮರ ಎಂಬ ಎರಡು ಪದಗಳಿವೆ, ಅಂದರೆ ಕೈಮರ. ಸುಮಾರು ಒಂದು ಮೀಟರ್ ಉದ್ದದ ಗಟ್ಟಿಮರದ ಪಟ್ಟಿಯ ಅಂಚಿನಲ್ಲಿ ತೋಡು ಕೊರೆದು, ಅಲಗುಗಳನ್ನು ಒಂದರ ಪಕ್ಕ ಒಂದರಂತೆ ಕೂರಿಸಿ ಅಂಟಿನಿಂದ ಬಿಗಿ ಮಾಡುತ್ತಿದ್ದರು. ಒಂದೇ ಕೈಯಲ್ಲಿ ಬೀಸುವಂಥದ್ದೂ ಇತ್ತು, ಆಳೆತ್ತರಕ್ಕೆ ಹತ್ತಿರವಿದ್ದು ಎರಡೂ ಕೈಗಳಿಂದ ಬೀಸುವಂಥದ್ದೂ ಇತ್ತು. ಇದರಲ್ಲಿ ಚುಚ್ಚಲು ಬರುವುದಿಲ್ಲ, ತುದಿ ಮೊಂಡು. ಬೀಸಿ ಎಳೆದು ಕೊಯ್ಯುವ ಆಯುಧ ಇದು. 1519ರ ಸೆಪ್ಟೆಂಬರಿನಲ್ಲಿ ತ್ಲಾಸ್ಕಾಲದ ಬಯಲಿನಲ್ಲಿ ಪೆದ್ರೊ ದೆ ಮೊರೋನ್ ಎಂಬ ಸವಾರನ ಹೆಣ್ಣುಕುದುರೆಯ ಕುತ್ತಿಗೆಗೆ ಇದರ ಒಂದು ಏಟು ಬಿತ್ತು. ತಲೆ ಚರ್ಮದಲ್ಲಷ್ಟೇ ನೇತಾಡುತ್ತಿತ್ತು ಎಂದು ಆ ದಂಡಯಾತ್ರೆಯಲ್ಲಿದ್ದ ಸೈನಿಕ ಬೆರ್ನಾಲ್ ದಿಯಾಸ್ ನೆನೆಯುತ್ತಾನೆ. ಕುದುರೆಯ ಎದೆ ಸೀಳಿ ಕರುಳು ಹೊರಬಿದ್ದದ್ದನ್ನು ಇನ್ನೊಬ್ಬ ಹೇಳುತ್ತಾನೆ. ಕುದುರೆ ಎಂಬ ಪ್ರಾಣಿಯನ್ನು ಅದುವರೆಗೆ ಕಂಡೇ ಇರದವರು ಅದರ ಕುತ್ತಿಗೆಗೆ ಗುರಿಯಿಟ್ಟಿದ್ದರು ಎಂಬುದನ್ನು ಗಮನಿಸಬೇಕು. ಇದರ ಜೊತೆಗೇ ಇನ್ನೊಂದು ವಿವರ: ಅಂದು ಆ ಏಟು ಕೊಟ್ಟವನು ಅಜ್ಟೆಕ್ ಯೋಧನಲ್ಲ, ಅಜ್ಟೆಕರ ಕಡುವೈರಿಯಾದ ತ್ಲಾಸ್ಕಾಲದ ಪರವಾಗಿ ಕಾದಾಡುತ್ತಿದ್ದವನು. ಮಧ್ಯ ಮೆಕ್ಸಿಕೊದ ರಾಜ್ಯಗಳೆಲ್ಲ ಬಹುಮಟ್ಟಿಗೆ ಒಂದೇ ಬಗೆಯ ಆಯುಧ ಹಿಡಿಯುತ್ತಿದ್ದವು. ಮುಂದೆ ಇದು ಬಹಳ ಮುಖ್ಯವಾಗುತ್ತದೆ.

ದೌರ್ಬಲ್ಯವೂ ಇತ್ತು, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಗಾಜು ಗಾಜೇ. ಮೊದಲ ಏಟುಗಳಲ್ಲಿ ಭಯಂಕರವಾದ ಅಲಗು ಗುರಾಣಿಗೋ ಎಲುಬಿಗೋ ಉಕ್ಕಿನ ತಲೆಗಾಪಿಗೋ ಬಡಿದಾಗ ಚೂರಾಗುತ್ತದೆ. ಹತ್ತಿಯ ಕವಚ ತೊಟ್ಟವರ ವಿರುದ್ಧ, ದೇಹದ ಬಯಲು ಭಾಗಗಳಿಗೆ ಗುರಿಯಿಟ್ಟು ಬೀಸುವ ಯುದ್ಧಕ್ಕೆ ಅದು ಚೆನ್ನಾಗಿ ಹೊಂದುತ್ತಿತ್ತು. ಉಕ್ಕನ್ನು ಎದುರಿಸಲೆಂದು ಅದನ್ನು ಯಾರೂ ರೂಪಿಸಿರಲಿಲ್ಲ, ಉಕ್ಕು ಅಲ್ಲಿ ಇರಲೇ ಇಲ್ಲ.

ಇದರ ಅಣ್ಣನಂತಿದ್ದದ್ದು ತೆಪೊಸ್ತೊಪಿಲ್ಲಿ ಎಂಬ ಈಟಿ. ಆಳೆತ್ತರದ ಕೋಲು, ತುದಿಯಲ್ಲಿ ಅಗಲವಾದ ಮರದ ಎಲೆಯಾಕಾರ, ಅದರ ಅಂಚಿಗೆಲ್ಲ ಅಬ್ಸಿಡಿಯನ್. ಚುಚ್ಚಲೂ ಬರುತ್ತದೆ, ಕೊಯ್ಯಲೂ ಬರುತ್ತದೆ. ಇದಲ್ಲದೆ ತುದಿಯಲ್ಲಿ ಮರದ ಗುಂಡು ಇದ್ದ ಗದೆಯೂ ಇತ್ತು, ತಲೆಯ ಮೇಲೆ ಬಿದ್ದರೆ ಅಲಗಿನ ಅಗತ್ಯವಿಲ್ಲ.

ನನಗೆ ತೀರಾ ಪ್ರಿಯವಾದದ್ದು ಕವಣೆ, ಅದಕ್ಕೊಂದು ಕಾರಣವಿದೆ. ತೆಮಟ್ಲಾಟ್ಲ್ ಎಂಬ ಆ ಕವಣೆಯನ್ನು ಅಜ್ಟೆಕರು ಹೆಣೆಯುತ್ತಿದ್ದದ್ದು ಕತ್ತಾಳೆಯ ನಾರಿನಿಂದ. ನಮ್ಮ ಬಯಲುಸೀಮೆಯ ಹೊಲಗಳ ಬದುವಿನಲ್ಲಿ, ರೈಲುಹಳಿಯ ಪಕ್ಕದಲ್ಲಿ ಮುಳ್ಳಿನ ಎಲೆ ಚಾಚಿ ನಿಂತಿರುವ ಕತ್ತಾಳೆಯ ತವರೇ ಮೆಕ್ಸಿಕೊ. ಕೊಲಂಬಸ್‌ನ ನಂತರದ ಶತಮಾನಗಳಲ್ಲಿ ಕಡಲು ದಾಟಿ ಬಂದು ಇಲ್ಲಿಯ ಗಿಡವೇ ಎಂಬಂತೆ ನೆಲೆಯೂರಿತು. ಅದರ ಎಲೆಯನ್ನು ಕೊಳೆಸಿ, ಬಡಿದು, ನಾರು ತೆಗೆದು ಹಗ್ಗ ಹೊಸೆದವರಿಗೆ ಆ ನಾರಿನ ಗಟ್ಟಿತನ ಗೊತ್ತು. ಆ ಹಗ್ಗದ ಕವಣೆಯಲ್ಲಿ ದುಂಡಗೆ ಆರಿಸಿಟ್ಟ ಕಲ್ಲು ಇಟ್ಟು ಬೀಸಿದರೆ ಬಾಣದಷ್ಟೇ ದೂರ ಹೋಗುತ್ತಿತ್ತು. ಸ್ಪೇನಿಗರ ಬರಹಗಳಲ್ಲಿ ಅವರು ಮತ್ತೆ ಮತ್ತೆ ದೂರುವುದು ಈ ಕಲ್ಲುಮಳೆಯ ಬಗ್ಗೆ. 1520ರ ಜೂನ್‌ನಲ್ಲಿ ಸ್ಪೇನಿಗರ ಸೆರೆಯಲ್ಲಿದ್ದ ಅಜ್ಟೆಕ್ ದೊರೆ ಮೊಕ್ಟೆಸುಮನನ್ನು ಮಾಳಿಗೆಯ ಮೇಲೆ ನಿಲ್ಲಿಸಿ ಜನರನ್ನು ಸಮಾಧಾನಪಡಿಸಲು ಹೇಳಿದಾಗ, ಜನರು ಎಸೆದ ಕಲ್ಲು ತಗುಲಿಯೇ ಅವನು ಸತ್ತ ಎಂದು ಸ್ಪೇನಿಗರ ಹೇಳಿಕೆ. ಸ್ಪೇನಿಗರೇ ಕೊಂದರು ಎಂಬುದು ಅಲ್ಲಿನ ಜನರ ಮೂಲಗಳ ಮಾತು.

ಬಿಲ್ಲುಬಾಣವೂ ಇತ್ತು. ಅದಕ್ಕಿಂತ ಹಳೆಯದೂ ಹೆಚ್ಚು ಗೌರವದ್ದೂ ಆದದ್ದು ಅಟ್ಲಾಟ್ಲ್, ಭರ್ಜಿ ಎಸೆಯುವ ಕೋಲು. ಒಂದೂವರೆ ಅಡಿಯಿಂದ ಎರಡಡಿ ಉದ್ದದ ಕೋಲಿನ ತುದಿಯಲ್ಲಿ ಕೊಕ್ಕೆ ಇರುತ್ತದೆ. ಭರ್ಜಿಯ ಹಿಂಭಾಗವನ್ನು ಅದಕ್ಕೆ ಸಿಕ್ಕಿಸಿ ಎಸೆದರೆ ತೋಳಿಗೆ ಇನ್ನೊಂದು ಗೆಣ್ಣು ಸೇರಿದಂತೆ ಆಗುತ್ತದೆ. ಸನ್ನೆಕೋಲಿನ ತತ್ತ್ವವೇ. ಬರಿಗೈಯಿಂದ ಎಸೆದುದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ವೇಗ ಬರುತ್ತದೆ. ದೇವತೆಗಳ ಚಿತ್ರಗಳಲ್ಲಿ ಅವರ ಕೈಗೆ ಕೊಟ್ಟ ಆಯುಧ ಇದು, ಬಂಗಾರದ ತಗಡು ಹೊದಿಸಿ ಕೆತ್ತನೆ ಮಾಡಿದ ಕೆಲವು ಅಟ್ಲಾಟ್ಲ್‌ಗಳು ಇಂದಿಗೂ ಯುರೋಪಿನ ಸಂಗ್ರಹಾಲಯಗಳಲ್ಲಿವೆ.

ರಕ್ಷಣೆಯ ಮಾತಿಗೆ ಬಂದರೆ ಮೊದಲು ಹೇಳಬೇಕಾದದ್ದು ಇಚ್ಕವಿಪಿಲ್ಲಿ. ಎರಡು ಪದರ ಬಟ್ಟೆಯ ನಡುವೆ ಹತ್ತಿ ತುಂಬಿ ಅಡ್ಡಡ್ಡ ಉದ್ದುದ್ದ ಹೊಲಿಗೆ ಹಾಕಿದ ಕವಚ. ನಮ್ಮ ಕಡೆಯ ಕೌದಿಯನ್ನು ಎರಡು ಬೆರಳು ದಪ್ಪ ಮಾಡಿ ಮೈಗೆ ಅಂಗಿಯಾಗಿ ಹೊಲಿದಂತೆ ಎಂದುಕೊಳ್ಳಿ. ಬಾಣ ಅದರಲ್ಲಿ ಸಿಕ್ಕಿಕೊಂಡು ನಿಲ್ಲುತ್ತಿತ್ತು. ಉಕ್ಕಿನ ಕವಚ ಹಿಂದುಳಿದವರ ಕಣ್ಣು ಕುಕ್ಕಿತು ಎಂದು ನಂಬಿದವರು ಕೇಳಬೇಕಾದ ಸಂಗತಿ ಇದು: ಸ್ಪೇನಿನ ಸೈನಿಕರು ಬಿಸಿಲಿನಲ್ಲಿ ಬೇಯಿಸುವ ಲೋಹದ ಕವಚವನ್ನು ಕಳಚಿಟ್ಟು ಈ ಹತ್ತಿಯ ಕವಚವನ್ನೇ ತೊಟ್ಟರು. ಅವರ ಭಾಷೆಯಲ್ಲಿ ಅದಕ್ಕೆ ಎಸ್ಕೌಪಿಲ್ ಎಂಬ ಹೆಸರೂ ಬಂತು. ಬುದ್ಧಿವಂತ ಸೈನಿಕ ಒಳ್ಳೆಯ ಆಯುಧವನ್ನು ಕಂಡರೆ ಕುಲಗೋತ್ರ ಕೇಳುವುದಿಲ್ಲ.

ಗುರಾಣಿಯ ಹೆಸರು ಚಿಮಲ್ಲಿ. ಬೆಂಕಿಯಲ್ಲಿ ಹದ ಮಾಡಿದ ಬಿದಿರಿನಂಥ ಕಡ್ಡಿಗಳನ್ನು ಕತ್ತಾಳೆ ಹುರಿಯಿಂದ ಹೆಣೆದ ದುಂಡು ಗುರಾಣಿ, ಕೆಳಗೆ ತೊಡೆಗಳನ್ನು ಮುಚ್ಚುವಂತೆ ತೂಗುವ ಗರಿಯ ಅಥವಾ ಚರ್ಮದ ಜಾಲರಿ. ಮೆರವಣಿಗೆಗೆಂದೇ ಮಾಡಿದ ಗರಿಯ ಗುರಾಣಿಗಳು ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆ: ಎರಡು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ, ಒಂದು ವಿಯೆನ್ನಾದಲ್ಲಿ, ಇನ್ನೊಂದು ಮೆಕ್ಸಿಕೊ ನಗರದ ಚಪುಲ್ತೆಪೆಕ್ ಕೋಟೆಯಲ್ಲಿ. ವಿಯೆನ್ನಾದಲ್ಲಿಯೇ ಇರುವ ಕ್ವೆಟ್ಸಾಲ್ ಗರಿಯ ಮುಕುಟವನ್ನು ಸ್ವಲ್ಪ ಕಾಲಕ್ಕಾದರೂ ಕೊಡಿ ಎಂದು ಮೆಕ್ಸಿಕೊ 2020ರಲ್ಲಿ ಕೇಳಿತು. ಸಾಗಣೆಯ ಅದುರುವಿಕೆಯನ್ನು ಅದು ತಡೆಯಲಾರದು ಎಂಬುದು ಅಲ್ಲಿಂದ ಬಂದ ಉತ್ತರ. ಕಲ್ಲೂ ಮರವೂ ಸುಟ್ಟುಹೋದವು, ಹಕ್ಕಿಯ ಗರಿ ಐದು ಶತಮಾನ ಉಳಿಯಿತು. ಆ ಮುಕುಟವನ್ನು ತಮ್ಮ ನೆಲದಲ್ಲಿ ಕಾಣುವ ಭಾಗ್ಯ ಮಾತ್ರ ಅದನ್ನು ಮಾಡಿದವರ ಮಕ್ಕಳಿಗಿಲ್ಲ, ಇದು ನನಗೆ ನಿಜಕ್ಕೂ ಸಂಕಟ ತರುತ್ತದೆ.

ಈಗ ರಣರಂಗ. ಯುದ್ಧದ ಕಾಲ ಸುಗ್ಗಿ ಮುಗಿದ ಮೇಲೆ, ಮಳೆ ನಿಂತು ದಾರಿ ಗಟ್ಟಿಯಾದ ತಿಂಗಳುಗಳಲ್ಲಿ. ಕಾರಣ ಸರಳ: ಯೋಧರಲ್ಲಿ ಹೆಚ್ಚಿನವರು ರೈತರು. ಎತ್ತಿಲ್ಲ, ಕುದುರೆಯಿಲ್ಲ, ಗಾಡಿಯಿಲ್ಲ, ಆದ್ದರಿಂದ ದಂಡಿನ ಬುತ್ತಿಯೆಲ್ಲ ತ್ಲಮೆಮೆ ಎಂಬ ಹೊರೆಯಾಳುಗಳ ಬೆನ್ನ ಮೇಲೆ. ಹೊರುವವನೂ ಉಣ್ಣಲೇಬೇಕಲ್ಲವೇ. ಹೀಗಾಗಿ ದಂಡು ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಆಯುಧಗಳಿಗಿಂತ ಮೆಕ್ಕೆಜೋಳ ನಿರ್ಧರಿಸುತ್ತಿತ್ತು. ದಾರಿಯಲ್ಲಿರುವ ಅಧೀನ ಊರುಗಳು ಆಹಾರ ಒದಗಿಸಬೇಕಿತ್ತು. ಸಾಮ್ರಾಜ್ಯದ ಬಲ ನಿಂತಿದ್ದದ್ದು ಆ ಊರುಗಳ ವಿಧೇಯತೆಯ ಮೇಲೆ. ಅದು ಸಡಿಲವಾದ ದಿನ ಕತ್ತಿ ಎಷ್ಟು ಹರಿತವಿದ್ದರೂ ಉಪಯೋಗವಿರಲಿಲ್ಲ.

ಸೈನ್ಯದ ಲೆಕ್ಕ ಅವರ ಎಣಿಕೆಯಂತೆಯೇ ಇಪ್ಪತ್ತರದು: ಇಪ್ಪತ್ತು, ನಾನೂರು, ಎಂಟು ಸಾವಿರ. ಶಂಖ ಮತ್ತು ನಗಾರಿಗಳ ದನಿಗೆ ದಂಡು ಕದಲುತ್ತಿತ್ತು. ಮೊದಲು ಬಿಲ್ಲುಗಾರರೂ ಕವಣೆಯವರೂ ದೂರದಿಂದ ಮಳೆಗರೆಯುತ್ತಾರೆ. ಅಂತರ ಕಡಿಮೆಯಾಗುತ್ತಿದ್ದಂತೆ ಅಟ್ಲಾಟ್ಲ್ ಭರ್ಜಿಗಳು ಹಾರುತ್ತವೆ. ಅದೇ ಗದ್ದಲದಲ್ಲಿ ಅನುಭವಿ ಯೋಧರು ಮಕ್ವಾವಿಟ್ಲ್ ಎತ್ತಿ ನುಗ್ಗುತ್ತಾರೆ. ಬೀಸುವ ಆಯುಧಕ್ಕೆ ಅಕ್ಕಪಕ್ಕ ಜಾಗ ಬೇಕು, ಆದ್ದರಿಂದ ಹೆಗಲಿಗೆ ಹೆಗಲು ತಾಗಿಸಿದ ಸಾಲು ಅಲ್ಲಿ ಕಾಣದು. ಪ್ರತಿಯೊಬ್ಬನೂ ತನ್ನ ಸುತ್ತ ಒಂದು ವೃತ್ತವನ್ನು ಕಾಯ್ದುಕೊಳ್ಳುತ್ತಾನೆ. ದಣಿದವರು ಹಿಂದೆ ಸರಿದು ಹೊಸಬರು ಮುಂದೆ ಬರುತ್ತಾರೆ. ಸೋತಂತೆ ನಟಿಸಿ ಓಡಿ, ಬೆನ್ನಟ್ಟಿ ಬಂದವರನ್ನು ಹೊಂಚಿಗೆ ಕೆಡವುವುದು ಅವರ ಮೆಚ್ಚಿನ ತಂತ್ರ. ಹುವಾಸ್ಟೆಕರ ವಿರುದ್ಧದ ದಂಡಯಾತ್ರೆಯಲ್ಲಿ ಯೋಧರು ಹುಲ್ಲು ಹೊದ್ದು ನೆಲದಲ್ಲಿ ಅಡಗಿ ಮಲಗಿದ್ದರಂತೆ. ನಾಯಕನ ಬೆನ್ನಿಗೆ ಕಟ್ಟಿದ ಎತ್ತರದ ಗರಿಯ ನಿಶಾನೆಯನ್ನು ಎಲ್ಲರೂ ಕಣ್ಣಿಟ್ಟು ನೋಡುತ್ತಿದ್ದರು, ಅದು ಬಿದ್ದರೆ ದಂಡು ದಾರಿತಪ್ಪುತ್ತಿತ್ತು. 1520ರ ಜುಲೈಯಲ್ಲಿ ಒಟುಂಬದ ಬಯಲಿನಲ್ಲಿ ಸ್ಪೇನಿಗರ ದಂಡನಾಯಕ ಕೊರ್ಟೆಸ್ ಕುದುರೆಯ ಮೇಲೆ ನುಗ್ಗಿ ಆ ನಿಶಾನೆಯನ್ನೇ ಕೆಡವಿದ. ಸೋತು ಓಡುತ್ತಿದ್ದ ಸ್ಪೇನಿಗರು ಬದುಕಿ ಉಳಿದದ್ದು ಹಾಗೆ.

ಇಲ್ಲಿ ಬಹಳ ಸಲ ಕೇಳಿಬರುವ ಮಾತೊಂದನ್ನು ಪರಿಶೀಲಿಸಬೇಕು. ಅಜ್ಟೆಕರು ಕೊಲ್ಲಲು ಯುದ್ಧ ಮಾಡುತ್ತಿರಲಿಲ್ಲ, ಬಲಿಗಾಗಿ ಸೆರೆ ಹಿಡಿಯಲು ಮಾಡುತ್ತಿದ್ದರು, ಅದಕ್ಕೇ ಸೋತರು ಎನ್ನುತ್ತಾರೆ. ಇದರಲ್ಲಿ ಸತ್ಯದ ಅಂಶ ದೊಡ್ಡದೇ ಇದೆ. ಹುಡುಗನ ತಲೆಯ ಹಿಂಭಾಗದಲ್ಲಿ ಬಿಡುವ ಜುಟ್ಟನ್ನು ಅವನು ಮೊದಲ ಸೆರೆಯಾಳನ್ನು ತರುವವರೆಗೆ ಕತ್ತರಿಸುವಂತಿರಲಿಲ್ಲ. ನಾಲ್ವರನ್ನು ಸೆರೆ ಹಿಡಿದವನಿಗೆ ದೊಡ್ಡ ಪದವಿ. ಎಷ್ಟನೆಯ ಸೆರೆಗೆ ಯಾವ ಬಣ್ಣದ ಗರಿಯುಡುಗೆ, ಯಾವ ಗುರಾಣಿ ಎಂಬುದು ಸ್ಪೇನಿಗರ ವಿಜಯವಾಗಿ ಇಪ್ಪತ್ತು ವರ್ಷಗಳ ಆಸುಪಾಸಿನಲ್ಲಿ ಬರೆಸಿದ ಮೆಂಡೋಸ ಚಿತ್ರಸಂಪುಟದಲ್ಲಿ ಸಾಲುಸಾಲಾಗಿ ಇದೆ. ಹದ್ದಿನ ಯೋಧ, ಜಾಗ್ವಾರ್ ಯೋಧ ಎಂಬ ಹೆಸರುಗಳು ಬಂದದ್ದು ಈ ವ್ಯವಸ್ಥೆಯಿಂದ. ರೈತನ ಮಗನೂ ಈ ಏಣಿಯನ್ನು ಹತ್ತಬಹುದಿತ್ತು. ಟಿಸೋಕ್ ದೊರೆಯ ಹೆಸರಿನ ದುಂಡುಕಲ್ಲಿನ ಸುತ್ತಲೂ ಕೆತ್ತಿರುವುದು ಒಂದೇ ದೃಶ್ಯ: ಗೆದ್ದವನು ಸೋತವನ ಜುಟ್ಟು ಹಿಡಿದಿದ್ದಾನೆ. ಬಲಿಯ ಒಂದು ಬಗೆಯಲ್ಲಂತೂ ಸೆರೆಯಾಳನ್ನು ದೊಡ್ಡ ದುಂಡುಕಲ್ಲಿಗೆ ಕಟ್ಟಿ, ಕೈಗೊಂದು ಮಕ್ವಾವಿಟ್ಲ್ ಕೊಡುತ್ತಿದ್ದರು. ಅದರ ಅಂಚಿನಲ್ಲಿ ಅಬ್ಸಿಡಿಯನ್ ಬದಲು ಗರಿಗಳು. ಎದುರಿಗೆ ಬರುವ ಹದ್ದು, ಜಾಗ್ವಾರ್ ಯೋಧರ ಕೈಯಲ್ಲಿ ನಿಜವಾದ ಅಲಗು. ಇದರ ಕ್ರೌರ್ಯವನ್ನು ನಾನು ಅಲಂಕಾರದ ಮಾತುಗಳಲ್ಲಿ ಮರೆಸುವುದಿಲ್ಲ. 2015ರಲ್ಲಿ ಮಹಾದೇವಾಲಯದ ಹತ್ತಿರ ಪತ್ತೆಯಾದ ತಲೆಬುರುಡೆಗಳ ಗೋಪುರದಲ್ಲಿ 2020ರ ಹೊತ್ತಿಗೆ 603 ಬುರುಡೆಗಳನ್ನು ಎಣಿಸಲಾಗಿತ್ತು. ಅವುಗಳಲ್ಲಿ ಹೆಂಗಸರ, ಮಕ್ಕಳ ಬುರುಡೆಗಳೂ ಇವೆ.

ಆದರೂ ಸೆರೆ ಹಿಡಿಯುವುದೇ ಗುರಿಯಾಗಿತ್ತು ಎಂಬ ವಿವರಣೆಗೆ ಅವರ ಆಯುಧಗಳೇ ಒಪ್ಪುವುದಿಲ್ಲ. ಕವಣೆಕಲ್ಲು ಯಾರನ್ನೂ ಸೆರೆ ಹಿಡಿಯುವುದಿಲ್ಲ, ಬಾಣವೂ ಹಿಡಿಯುವುದಿಲ್ಲ. 1470ರ ದಶಕದ ಕೊನೆಯಲ್ಲಿ ದೊರೆ ಅಶಾಯಾಕಟ್ಲ್ ಪಶ್ಚಿಮದ ತರಾಸ್ಕನರ ಮೇಲೆ ದಂಡೆತ್ತಿ ಹೋದಾಗ ಅವನ ಸೈನ್ಯದ ಬಹುಪಾಲು ರಣರಂಗದಲ್ಲಿಯೇ ನಾಶವಾಯಿತು. ನೆರೆಯ ರಾಜ್ಯಗಳಾದ ತ್ಲಾಸ್ಕಾಲ, ವೆಶೊಟ್ಸಿಂಕೊಗಳೊಂದಿಗೆ ಮಾತು ಮಾಡಿಕೊಂಡು ಸೆರೆಯಾಳುಗಳಿಗಾಗಿ ನಡೆಸುತ್ತಿದ್ದ ಹೂವಿನ ಯುದ್ಧಗಳಿಗೂ ರಾಜ್ಯ ಗೆಲ್ಲಲು ಮಾಡುವ ಯುದ್ಧಗಳಿಗೂ ವ್ಯತ್ಯಾಸವಿತ್ತು. ಸ್ಪೇನಿಗರ ವಿಷಯದಲ್ಲಂತೂ ಅವರು ಕೊಲ್ಲಲು ಹಿಂಜರಿಯಲಿಲ್ಲ. 1520ರ ಜೂನ್ 30ರ ರಾತ್ರಿ ಸರೋವರದ ನಡುವೆ ಇದ್ದ ರಾಜಧಾನಿಯಿಂದ ಕಟ್ಟೆದಾರಿಯಲ್ಲಿ ಸ್ಪೇನಿಗರು ಕದ್ದು ಓಡುವಾಗ ಎರಡೂ ಬದಿಯ ದೋಣಿಗಳಿಂದ ಬಾಣ, ಭರ್ಜಿ, ಕಲ್ಲು ಸುರಿದವು. ಸತ್ತ ಸ್ಪೇನಿಗರು 150 ಎಂದು ಕೊರ್ಟೆಸ್ ತನ್ನ ದೊರೆಗೆ ಬರೆದ, ಮುಂದಿನ ಕೆಲವು ದಿನಗಳ ಸಾವನ್ನೂ ಸೇರಿಸಿ 860ಕ್ಕೂ ಹೆಚ್ಚು ಎಂದು ಬೆರ್ನಾಲ್ ದಿಯಾಸ್ ಬರೆದ. ಯಾವ ಲೆಕ್ಕ ಹಿಡಿದರೂ ಅದು ಸೆರೆ ಹಿಡಿಯುವವರ ಕೈಚಳಕವಲ್ಲ.

ಅವರು ಬೇಗ ಕಲಿತರು ಕೂಡ. ಪಾದ್ರಿ ಸಾಹಗುನ್ ನವಾಟ್ಲ್ ಭಾಷೆಯಲ್ಲಿಯೇ ಬರೆಸಿಕೊಂಡ ವೃದ್ಧರ ನೆನಪುಗಳಲ್ಲಿ ಈ ವಿವರಗಳಿವೆ. ಫಿರಂಗಿಯ ಬಾಯಿ ತಮ್ಮತ್ತ ತಿರುಗಿದಾಗ ದೋಣಿಗಳನ್ನು ನೇರವಾಗಿ ಹುಟ್ಟುಹಾಕದೆ ಅಂಕುಡೊಂಕಾಗಿ ಸಾಗಿಸಿದರು, ಗುಂಡು ಬರುವುದನ್ನು ಕಂಡರೆ ಮೈ ಅಡಗಿಸಿಕೊಂಡರು. ಕಿತ್ತುಕೊಂಡ ಫಿರಂಗಿಯನ್ನು ನೀರಿಗೆ ದೂಡಿದರು. ಸ್ಪೇನಿನ ದೊಡ್ಡ ದೋಣಿಗಳು ಸಿಕ್ಕಿಬೀಳಲೆಂದು ಸರೋವರದ ತಳದಲ್ಲಿ ಗೂಟ ನೆಟ್ಟರು. ಸತ್ತ ಸ್ಪೇನಿಗರ ಉಕ್ಕಿನ ಕತ್ತಿಗಳನ್ನು ಉದ್ದ ಕೋಲುಗಳ ತುದಿಗೆ ಕಟ್ಟಿ ಕುದುರೆಗಳಿಗೆ ಎದುರಾದರು. ತ್ಸಿಲಕಟ್ಸಿನ್ ಎಂಬ ಯೋಧನನ್ನು ಆ ವೃದ್ಧರು ಕೊನೆಯವರೆಗೂ ಮರೆಯಲಿಲ್ಲ. ಗೋಡೆ ಕಟ್ಟುವ ಬಿಳಿಗಲ್ಲುಗಳನ್ನು, ಒಂದು ಕೈಯಲ್ಲಿ, ಎರಡು ಗುರಾಣಿಯ ಮರೆಯಲ್ಲಿ ಹೊತ್ತುಕೊಂಡು ಬಂದು ಶತ್ರುಗಳ ಮೇಲೆ ಎಸೆಯುತ್ತಿದ್ದನಂತೆ. ಸ್ಪೇನಿಗರು ಅವನನ್ನೇ ಹುಡುಕಿ ಗುರಿಯಿಡತೊಡಗಿದಾಗ ದಿನಕ್ಕೊಂದು ವೇಷ ಹಾಕಿದ: ಒಮ್ಮೆ ಗರಿಯುಡುಗೆ, ಒಮ್ಮೆ ಹತ್ತಿಯ ಕವಚ ಮಾತ್ರ. ಊರು ಬೀಳುತ್ತಿರುವಾಗ ಒಬ್ಬ ಮನುಷ್ಯ ಬುದ್ಧಿಯನ್ನೂ ತೋಳನ್ನೂ ಹೀಗೆ ಒಟ್ಟಿಗೆ ದುಡಿಸಿದ ಎಂಬುದನ್ನು ಓದುವಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ.

ಹಾಗಾದರೆ ಸೋತದ್ದು ಏಕೆ? ಉಕ್ಕಿಗೂ ಕುದುರೆಗೂ ಪಾಲಿಲ್ಲ ಎಂದು ಹೇಳಲಾರೆ. ಬಯಲಿನಲ್ಲಿ ಕುದುರೆ ಭಯಾನಕವಾಗಿತ್ತು, ಕಬ್ಬಿಣದ ಕತ್ತಿ ದಿನವಿಡೀ ಮೊಂಡಾಗದೆ ಚುಚ್ಚುತ್ತಿತ್ತು, ಸರೋವರದ ಮೇಲೆ ಇಳಿದ 13 ಹಡಗುದೋಣಿಗಳು ಊರಿನ ಅನ್ನದ ದಾರಿಯನ್ನು ಕತ್ತರಿಸಿದವು. ಆದರೆ ಆ ಹಡಗುದೋಣಿಗಳ ಮರವನ್ನು ತ್ಲಾಸ್ಕಾಲದಿಂದ ಬೆಟ್ಟ ಹತ್ತಿಸಿ ಇಳಿಸಿ ತೆಸ್ಕೊಕೊದ ದಡಕ್ಕೆ ತಂದವರು ತ್ಲಾಸ್ಕಾಲದ ಹೊರೆಯಾಳುಗಳು. 1521ರ ಮೇ ಕೊನೆಯಲ್ಲಿ ಮುತ್ತಿಗೆ ಶುರುವಾದಾಗ ಸ್ಪೇನಿಗರು ಸುಮಾರು 900 ಮಂದಿ, ಕುದುರೆಗಳು 86. ಅವರ ಜೊತೆ ತ್ಲಾಸ್ಕಾಲ, ವೆಶೊಟ್ಸಿಂಕೊ, ಚಾಲ್ಕೊ, ಕೊನೆಗೆ ಅಜ್ಟೆಕರದೇ ಮೈತ್ರಿಕೂಟದ ತೆಸ್ಕೊಕೊದಿಂದ ಬಂದ ಹತ್ತಾರು ಸಾವಿರ ಯೋಧರು. ಹಗಲು ಗೆದ್ದ ಕಾಲುವೆಗಳನ್ನು ಮುಚ್ಚಿದವರು, ಮನೆಗಳನ್ನು ಕೆಡವಿದವರು, ಬೀದಿಬೀದಿಯಲ್ಲಿ ಕೈಕೈ ಮಿಲಾಯಿಸಿದವರು ಅವರು. ಹತ್ತಿಯ ಕವಚ, ಗರಿಯ ಗುರಾಣಿ, ಅಬ್ಸಿಡಿಯನ್ ಅಲಗು. ಕಟ್ಟೆದಾರಿಯ ಆ ಬದಿಯಲ್ಲೂ ಈ ಬದಿಯಲ್ಲೂ ಅದೇ ಆಯುಧ. ಕಲ್ಲನ್ನು ಉಕ್ಕು ಸೋಲಿಸಿತು ಎನ್ನುವವರು ಈ ಹತ್ತಾರು ಸಾವಿರ ಜನರನ್ನು ಚಿತ್ರದಿಂದ ಒರೆಸಿ ಹಾಕಬೇಕಾಗುತ್ತದೆ. ಹಾಗೆ ಒರೆಸಿಯೂ ಹಾಕಲಾಯಿತು.

ಅವರು ಏಕೆ ಸೇರಿಕೊಂಡರು ಎಂದರೆ, ದಶಕಗಳ ಕಪ್ಪಕಾಣಿಕೆ, ಹೂವಿನ ಯುದ್ಧಗಳು, ಉಪ್ಪು ಹತ್ತಿಗಳು ತಲುಪದಂತೆ ಹಾಕಿದ ದಿಗ್ಬಂಧನ. ತ್ಲಾಸ್ಕಾಲದವರಿಗೆ ಸ್ಪೇನಿಗರು ಹಳೆಯ ಜಗಳಕ್ಕೆ ಸಿಕ್ಕ ಹೊಸ ನೆಂಟರು. ಇನ್ನೊಂದು ಕಡೆ, 1520ರ ಶರತ್ಕಾಲದಲ್ಲಿ ಸಿಡುಬು ಬಂತು. ಆ ಕಾಯಿಲೆಯನ್ನು ಅಲ್ಲಿಯ ಮೈಗಳು ಎಂದೂ ಕಂಡಿರಲಿಲ್ಲ. ಮೊಕ್ಟೆಸುಮನ ನಂತರ ಪಟ್ಟಕ್ಕೆ ಬಂದ ಕ್ವಿಟ್ಲಾವಾಕ್ ಸುಮಾರು 80 ದಿನ ಆಳಿ ಸತ್ತ. ಮುತ್ತಿಗೆಯ ಮೊದಲ ದಿನಗಳಲ್ಲಿಯೇ ಚಪುಲ್ತೆಪೆಕ್‌ನಿಂದ ಬರುತ್ತಿದ್ದ ಸಿಹಿನೀರಿನ ಕಾಲುವೆಯನ್ನು ಒಡೆದರು. ಜನರು ಹಲ್ಲಿ, ಮೆಕ್ಕೆಜೋಳದ ರವದಿ, ಕೊನೆಗೆ ಚರ್ಮವನ್ನೂ ತಿಂದರು. ಅಂಥ ಸ್ಥಿತಿಯಲ್ಲಿಯೂ ಸುಮಾರು ಎರಡೂವರೆ ತಿಂಗಳು ಕಾದಾಡಿದರು. ಒಂದು ದಿನದ ಹೊಂಚುದಾಳಿಯಲ್ಲಿ 53 ಸ್ಪೇನಿಗರನ್ನು ಸೆರೆ ಹಿಡಿದರು, ಕೊರ್ಟೆಸ್ ಕೂದಲೆಳೆಯಲ್ಲಿ ತಪ್ಪಿಸಿಕೊಂಡ. 1521ರ ಆಗಸ್ಟ್ 13ರಂದು ಕೊನೆಯ ದೊರೆ ಕ್ವೌಟೆಮೊಕ್ ದೋಣಿಯಲ್ಲಿ ಸೆರೆಸಿಕ್ಕ. ಕೊರ್ಟೆಸ್‌ನ ಸೊಂಟದ ಕಠಾರಿಯ ಮೇಲೆ ಕೈಯಿಟ್ಟು, ಇದರಿಂದಲೇ ತನ್ನನ್ನು ಕೊಂದುಬಿಡು ಎಂದ.

ಮಕ್ವಾವಿಟ್ಲ್ ಅಂದಿಗೆ ಮುಗಿಯಲಿಲ್ಲ. ಗ್ವಾಟೆಮಾಲದತ್ತ ಹೋದ ಸ್ಪೇನಿನ ದಂಡುಗಳಲ್ಲಿ ತ್ಲಾಸ್ಕಾಲದವರೂ, ಸೋತ ಅಜ್ಟೆಕರೂ ತಮ್ಮ ಹಳೆಯ ಆಯುಧ ಹಿಡಿದು ನಡೆದರು. 1540ರ ದಶಕದ ಆರಂಭದಲ್ಲಿ ಪಶ್ಚಿಮ ಮೆಕ್ಸಿಕೊದಲ್ಲಿ ಮಿಕ್ಸ್ಟೋನ್ ದಂಗೆಯನ್ನು ಅಡಗಿಸಲು ಹೊರಟ ರಾಜಪ್ರತಿನಿಧಿ ಮೆಂಡೋಸನ ಸೈನ್ಯದಲ್ಲಿಯೂ ಅವರೇ ಹೆಚ್ಚು. ಆಗ ಮಾತ್ರ ಸ್ಥಳೀಯ ಪಾಳೆಯಗಾರರಿಗೆ ಕುದುರೆಯನ್ನೂ ಸ್ಪೇನಿನ ಆಯುಧಗಳನ್ನೂ ಇಟ್ಟುಕೊಳ್ಳಲು ಅನುಮತಿ ಸಿಕ್ಕಿತು. ಸುಮಾರು 1552ರಲ್ಲಿ ತ್ಲಾಸ್ಕಾಲದವರು ದೊಡ್ಡ ಬಟ್ಟೆಯೊಂದರ ಮೇಲೆ ತಮ್ಮ ಕಥೆಯನ್ನು ಬರೆಸಿದರು. ಅದರ ಮೂಲವೂ ಕಳೆದುಹೋಗಿದೆ, ಉಳಿದದ್ದು ಪ್ರತಿಗಳು. ಆ ಚೌಕಗಳಲ್ಲಿ ಕುದುರೆ ಸವಾರನ ಪಕ್ಕದಲ್ಲಿ ಗರಿಯ ನಿಶಾನೆ ಹೊತ್ತ ತ್ಲಾಸ್ಕಾಲದ ಯೋಧ ಅಲಗುಗಳ ಮರದ ಕತ್ತಿ ಎತ್ತಿ ನಿಂತಿದ್ದಾನೆ, ಅಧೀನನಾಗಿ ಅಲ್ಲ, ಗೆದ್ದವರಲ್ಲಿ ಒಬ್ಬನಾಗಿ. ಮೆಕ್ಸಿಕೊದಲ್ಲಿ ಇಂದಿಗೂ ತ್ಲಾಸ್ಕಾಲದವರನ್ನು ದ್ರೋಹಿಗಳೆಂದು ಹೀಗಳೆಯುವವರಿದ್ದಾರೆ. ಅಂದು ಮೆಕ್ಸಿಕೊ ಎಂಬ ದೇಶವೇ ಇರಲಿಲ್ಲ, ನಾವು ದ್ರೋಹ ಮಾಡಿದ್ದು ಯಾರಿಗೆ ಎಂದು ತ್ಲಾಸ್ಕಾಲದವರು ಮರುಪ್ರಶ್ನೆ ಹಾಕುತ್ತಾರೆ.